ತೊಂಬತ್ತೊಂಬತ್ತರ ಬಾಗಿಲು

ಆ ಬಾಗಿಲಿಗೆ ಹಸಿರು ಬಣ್ಣವಿತ್ತು ಎಂದು ಬರೆದು ಹೊಡೆದು ಹಾಕಿದ್ದೇನೆ. ತಮ್ಮನನ್ನು ಕೇಳಿದರೆ ನೀಲಿ ಎನ್ನುತ್ತಾನೆ. ಅವ್ವನನ್ನು ಕೇಳಿದರೆ, "ಬಣ್ಣ ಎಲ್ಲಿತ್ತಪ, ಎಣ್ಣಿ ಹಚ್ಚಿದ್ವಿ ಅಷ್ಟ" ಎನ್ನುತ್ತಾಳೆ. ಮೂವರೂ ವರ್ಷಗಟ್ಟಲೆ ಅದೇ ಬಾಗಿಲು ದಾಟಿದವರು. ಬಣ್ಣ ಇರಲಿ, ಬಿಡೋಣ. ಅದರ ಒಳಮೈಯಲ್ಲಿ ಸಾಲಾಗಿ ಅಂಕಿಗಳಿದ್ದವು. ಇದನ್ನು ಮೂವರೂ ಒಪ್ಪುತ್ತೇವೆ.

ಕೊಟ್ಟೂರಿನ ಮಾರುಕಟ್ಟೆಯಲ್ಲಿ ಅಪ್ಪನದೊಂದು ದಲಾಲಿ ಅಂಗಡಿ. ರೈತರು ತಂದ ಶೇಂಗಾ, ಮೆಕ್ಕೆಜೋಳ ಅಲ್ಲಿ ತೂಕವಾಗಿ ಮಾರಾಟವಾಗುತ್ತಿತ್ತು. ದೀಪಾವಳಿ ಅಮಾವಾಸ್ಯೆಯ ಸಂಜೆ ಕಾಟಾಕ್ಕೆ, ಅಂದರೆ ಚೀಲ ತೂಗುವ ಕಬ್ಬಿಣದ ಹಲಗೆಯ ಆ ಯಂತ್ರಕ್ಕೆ, ಪೂಜೆ. ಪೂಜೆಯಾದ ಕಾಟಾದ ಮೇಲೆ ಮೊದಲು ಮಾರುವ ಮಾಲು ಇಡಬಾರದು, ಮಾರದೇ ಇರುವುದನ್ನು ಇಡಬೇಕು ಎಂಬುದು ಅಪ್ಪನ ನೇಮ. ಮಾರದೇ ಇರುವುದು ಎಂದರೆ ನಾವು. ಆರತಿ ಮುಗಿದ ಮೇಲೆ ಅಪ್ಪ, ಅವ್ವ, ನಾನು, ತಮ್ಮ ಒಬ್ಬೊಬ್ಬರಾಗಿ ಹತ್ತಿ ನಿಲ್ಲುತ್ತಿದ್ದೆವು. ಹಲಗೆಯ ತಣ್ಣನೆ ಕಬ್ಬಿಣ ಅಂಗಾಲಿಗೆ ತಾಗುತ್ತಿತ್ತು. ಅದಕ್ಕೆ ಹಚ್ಚಿದ ಕುಂಕುಮ ಬೆರಳ ಸಂದಿಯಲ್ಲಿ ಎರಡು ದಿನ ಉಳಿಯುತ್ತಿತ್ತು.

ತೂಗುವವರು ಚಾಚಾ. ಮಸೀದಿ ಓಣಿಯವರು. ಅಪ್ಪನ ಅಂಗಡಿ ತೆರೆದಾಗಿನಿಂದ ತೂಕದ ಕೆಲಸ ಅವರದೇ. ಕಿವಿಯಲ್ಲಿ ಒಂದು ಪೆನ್ಸಿಲ್ ತುಂಡು. ಸರಳಿನ ಮೇಲೆ ಗುಂಡನ್ನು ಬೆರಳ ತುದಿಯಿಂದ ಸರಿಸಿ, ಸರಳು ತೇಲಿದ ಕೂಡಲೇ ಇಡೀ ಮಾರುಕಟ್ಟೆಗೆ ಕೇಳುವಂತೆ ತೂಕ ಕೂಗುವರು. ನಮ್ಮ ತೂಕವನ್ನೂ ಹಾಗೇ ಕೂಗುವರು. ಆಮೇಲೆ ಚೀಲಕ್ಕೆ ಗುರುತು ಹಾಕುವ ಕಪ್ಪು ಬಣ್ಣದಲ್ಲಿ ಕುಂಚ ಅದ್ದಿ ಅಂಗಡಿಯ ಆ ಬಾಗಿಲ ಒಳಮೈಯಲ್ಲಿ ಬರೆಯುವರು. ತಮ್ಮನ ಸಾಲು, ನನ್ನ ಸಾಲು ಬೇರೆ ಬೇರೆ. ನನ್ನದು ಬೇಗ ಬೇಗ ಬೆಳೆಯಿತು. ಕಾಲೇಜು ಮುಗಿಯುವಾಗ ಎಪ್ಪತ್ತೆರಡು, ಹಗರಿಬೊಮ್ಮನಹಳ್ಳಿಯಲ್ಲಿ ಬ್ಯಾಂಕಿನ ಕೆಲಸ ಸಿಕ್ಕ ವರ್ಷ ಎಂಬತ್ತೆಂಟು.

ಮದುವೆಯ ಮರುವರ್ಷ ಇರಬೇಕು. ಹೊಸ ಶತಮಾನ ಬಂದು ಎರಡೋ ಮೂರೋ ವರ್ಷವಾಗಿತ್ತು. ನಾನು ಹತ್ತಿ ನಿಂತೆ. ಚಾಚಾ ಗುಂಡು ಸರಿಸಿದರು, ಇನ್ನೊಂದು ತೂಕದ ಬಟ್ಟು ಹಾಕಿದರು, ಮತ್ತೆ ಸರಿಸಿದರು. "ನೂರಾ..." ಎಂದು ಬಾಯಿ ತೆರೆದರು.

"ಅಣ್ಣಾರ, ತಡೀರಿ" ಅಂದಳು ಅವ್ವ. ಆರತಿ ತಟ್ಟೆ ಇನ್ನೂ ಕೈಯಲ್ಲೇ ಇತ್ತು. "ನನ್ ಮಗನ್ನ ಕ್ವಿಂಟಲ್ ಲೆಕ್ಕದಾಗ ಬರೀಬ್ಯಾಡ್ರಿ. ಅವನೇನು ಮೆಕ್ಕಿಜ್ವಾಳ ಏನ್ರಿ?"

ಮಾರುಕಟ್ಟೆಯಲ್ಲಿ ನೂರು ಕೆಜಿ ಎಂದರೆ ಒಂದು ಕ್ವಿಂಟಲ್. ಕ್ವಿಂಟಲ್ ಆದದ್ದಕ್ಕೆ ದರ ಕಟ್ಟುತ್ತಾರೆ, ಚೀಲದ ಬಾಯಿ ಹೊಲಿದು ಲಾರಿಗೆ ಹಾಕುತ್ತಾರೆ. ಚಾಚಾ ಅವ್ವನ ಮುಖ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎಂದಿಗಿಂತ ಜೋರಾಗಿ ಕೂಗಿದರು: "ತೊಂಬತ್ತೊಂಬತ್ತು!"

ಎಲ್ಲರೂ ನಕ್ಕರು. ತಮ್ಮ, "ಉಳಿದಿದ್ದನ್ನ ಎಲ್ಲಿ ಇಳಿಸಿ ಬಂದ್ಯೋ ಅಣ್ಣ, ಉಜ್ಜಿನಿ ರಸ್ತ್ಯಾಗೇನು?" ಅಂದ. ಬಾಗಿಲ ಮೇಲೆ ತೊಂಬತ್ತೊಂಬತ್ತು ಬಿತ್ತು. ಮರುವರ್ಷವೂ ತೊಂಬತ್ತೊಂಬತ್ತು. ಅದರ ಮರುವರ್ಷವೂ. ಐದು ದೀಪಾವಳಿ ನಾನು ತೊಂಬತ್ತೊಂಬತ್ತರಲ್ಲೇ ನಿಂತೆ.

ಈಗ ನನ್ನ ನೆನಪನ್ನೇ ನಾನು ನಂಬದ ಜಾಗಕ್ಕೆ ಬರುತ್ತೇನೆ. ಮೊದಲ ಸಲ ಅದು ಆಟ ಎಂದು ನನಗೆ ಗೊತ್ತಿತ್ತು. ಐದನೇ ಸಲಕ್ಕೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದೇ ನನ್ನ ಅನುಮಾನ. ವರ್ಷಕ್ಕೊಮ್ಮೆ ದೊಡ್ಡ ದನಿಯಲ್ಲಿ ಕೂಗಿ ಹೇಳಿದ್ದು, ಕಪ್ಪು ಬಣ್ಣದಲ್ಲಿ ಬರೆದದ್ದು, ನನ್ನ ತಲೆಯಲ್ಲಿ ನಿಜವಾಗಿ ಕೂತುಬಿಟ್ಟಿತ್ತು. ಯಾರಾದರೂ ಕೇಳಿದರೆ "ನೂರರ ಹತ್ರ ಇದೀನಿ" ಎನ್ನುತ್ತಿದ್ದೆ, ಯಾವ ಅಳುಕೂ ಇಲ್ಲದೆ.

ಕಷ್ಟ ಶುರುವಾದದ್ದು ನಿದ್ದೆಯಿಂದ. ಬ್ಯಾಂಕಿನ ಕೌಂಟರಿನಲ್ಲಿ ಎದುರಿಗೆ ಜನ ನಿಂತಿರುವಾಗಲೇ ನಿದ್ದೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಕೊಟ್ಟೂರಿಗೆ ಬರುವಾಗ ಸ್ಕೂಟರಿನ ಮೇಲೇ ಕಣ್ಣು ಮುಚ್ಚಿತು. ಕಣ್ಣು ಬಿಟ್ಟಾಗ ಸ್ಕೂಟರು ಸಜ್ಜೆ ಹೊಲದೊಳಗೆ ನಿಂತಿತ್ತು, ನಾನೂ ಅದರ ಮೇಲೇ ಇದ್ದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ತೂಗಿದರು: ನೂರ ಮೂವತ್ತೊಂದು. ಮಲಗಿದಾಗ ಉಸಿರು ನಿಂತು ನಿಂತು ಹೋಗುತ್ತಿದೆ, ಹೀಗೇ ಬಿಟ್ಟರೆ ಒಂದು ದಿನ ನಿಂತೇಬಿಡಬಹುದು ಎಂದರು. ಹೊಟ್ಟೆಯ ಚೀಲವನ್ನು ಸಣ್ಣದು ಮಾಡುವ ಆಪರೇಷನ್ ಆಗಬೇಕು. ಬ್ಯಾಂಕಿನವರಿಗೆಲ್ಲ ಒಟ್ಟಾಗಿ ಮಾಡಿಸಿದ್ದ ವಿಮೆ ಇತ್ತು, ಅದರ ಮಂಜೂರಾತಿ ಬಂದರೆ ಮಾತ್ರ ನನ್ನ ಕೈಲಿ ಆಗುವ ಮಾತು. ವಾಪಸು ಬರುವ ಬಸ್ಸಿನಲ್ಲಿ ಹೆಂಡತಿ ಕೂಡ್ಲಿಗಿ ದಾಟುವವರೆಗೆ ಆಸ್ಪತ್ರೆಯ ಕಾಗದಗಳನ್ನೇ ತಿರುವಿದಳು. ಆಮೇಲೆ, "ಸ್ಕೂಟರ್ ಕೀಲಿ ಇನ್ ಮ್ಯಾಲೆ ನನ್ ಹತ್ರ ಇರ್ತತಿ" ಅಂದಳು. ಅಷ್ಟೇ.

ವಿಮೆಯವರು ಕೇಳಿದ್ದು ಒಂದೇ ವಿಚಿತ್ರ ಕಾಗದ. ಹಿಂದಿನ ಐದು ವರ್ಷದ ತೂಕ, ಆಯಾ ವರ್ಷವೇ ಬರೆದಿಟ್ಟದ್ದು ಬೇಕು. ನಮ್ಮ ಹಗರಿಬೊಮ್ಮನಹಳ್ಳಿಯ ಡಾಕ್ಟರರ ಹತ್ತಿರ ಹೋದೆ.

"ನಾನು ನಿಮ್ಮನ್ನ ಯಾವತ್ತು ತೂಗೀನ್ರಿ? ಜ್ವರ ಅಂತ ಬರ್ತೀರಿ, ಇಂಜೆಕ್ಷನ್ ತಗೊಂಡು ಹೋಗ್ತೀರಿ. ಎಲ್ಲ್ಯಾರ ಬರೆದಿಟ್ಟಿದ್ರೆ ತರ್ರಿ, ನಕಲಿಗೆ ಸಹಿ ಹಾಕ್ತೀನಿ."

ಬರೆದಿಟ್ಟದ್ದು ಇತ್ತಲ್ಲ! ಮದುವೆ ಫೋಟೊ ತೆಗೆಯುವವನನ್ನು ಅಂಗಡಿಗೆ ಕರೆದುಕೊಂಡು ಹೋದೆ. ಅವನು ಬಾಗಿಲ ಮುಂದೆ ಲೈಟು ನಿಲ್ಲಿಸಿ, "ಸ್ವಲ್ಪ ನಗು ಅಂತ ಹೇಳ್ಲೇನ್ ಸಾರ್ ಇದಕ್ಕ?" ಅಂದ. ಫೋಟೊ, ಡಾಕ್ಟರರ ಸಹಿ, ಅರ್ಜಿ ಎಲ್ಲ ಹೋಯಿತು.

ಮೂರು ವಾರಕ್ಕೆ ಉತ್ತರ ಬಂತು. ಐದು ವರ್ಷ ತೂಕ ತೊಂಬತ್ತೊಂಬತ್ತರಲ್ಲೇ ಇದ್ದು ಈಗ ಒಮ್ಮೆಗೇ ನೂರ ಮೂವತ್ತೊಂದು ಆಗಿದೆ. ಹೀಗಾದರೆ ಕಾರಣ ಬೇರೆ ಯಾವುದೋ ಕಾಯಿಲೆ ಇರಬೇಕು. ಆಪರೇಷನ್ನಿಗೆ ಮಂಜೂರಾತಿ ಕೊಡಲಾಗದು. ವಿವರಣೆ ಇದ್ದರೆ ಮೂವತ್ತು ದಿನದೊಳಗೆ ಕಳಿಸಿ. ಓದಿ ನನಗೂ ಹೌದೆನ್ನಿಸಿತು. ಒಂದೇ ವರ್ಷದಲ್ಲಿ ಇಷ್ಟು ಹೇಗೆ ಏರಿತು ಎಂದು ಹೆದರಿದೆ ಕೂಡ. ಕಾಗದ ಕಸಿದುಕೊಂಡು ಓದಿದ ಹೆಂಡತಿ ನನ್ನ ಮುಖ ನೋಡಿದಳು.

"ನಿಮ್ ಪ್ಯಾಂಟ್ ಹೊಲಿಸಾಕಿ ನಾನು. ಮೂರು ವರ್ಷದ ಹಿಂದನ ನಲವತ್ತೆಂಟು ಸೊಂಟ. ತೊಂಬತ್ತೊಂಬತ್ತು ಕೆಜಿಗೆ ನಲವತ್ತೆಂಟು ಸೊಂಟ ಇರ್ತತೇನ್ರಿ? ನಿಮಗ ನಿದ್ದಿ ಅಷ್ಟ ಅಲ್ಲ, ನೆಪ್ಪೂ ಹೋಗೈತಿ."

ಆಗ, ಒಂದೊಂದಾಗಿ, ಅವ್ವನ ಆರತಿ ತಟ್ಟೆ, "ನೂರಾ" ಎಂದು ತೆರೆದ ಬಾಯಿ, ಎಲ್ಲ ವಾಪಸು ಬಂದವು.

ಚಾಚಾ ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಬಸ್ ನಿಲ್ದಾಣದ ಹತ್ತಿರ ಮಗನ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಪತ್ರ ಓದಿ ಹೇಳಿ, ಬಾಗಿಲ ಮೇಲಿನ ತೂಕ ಸುಳ್ಳು ಎಂದು ಒಂದು ಪ್ರಮಾಣಪತ್ರ ಬರೆದುಕೊಡಬೇಕು ಎಂದೆ. ಅವರ ಮುಖ ಬಿಗಿಯಿತು.

"ನಾನು ಸುಳ್ಳು ತೂಕ ಬರದೀನಿ ಅಂತ ಬರ್ಕೊಡ್ಲ್ಯಾ, ತಮ್ಮಾ? ನಲವತ್ತು ವರ್ಷ ಈ ಕೈಯಿಂದ ತೂಗೀನಿ. ತೂಕ ತಪ್ಪೈತಿ ಅಂತ ಒಬ್ಬ ರೈತ ತಿರುಗಿ ಬಂದಿಲ್ಲ."

"ಬರದದ್ದು ಹೌದಲ್ಲ ಚಾಚಾ."

ಚಾಚಾ ಎದ್ದರು. ಮಾರುಕಟ್ಟೆಯವರೆಗೆ ನನಗಿಂತ ಮುಂದೆ ನಡೆದರು. ನಾನು ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ. ಅಂಗಡಿಯಲ್ಲಿ ಆ ಬಾಗಿಲನ್ನು ಅರ್ಧ ತೆರೆದು, ಕೀಲುಗಳಿರುವ ಕಡೆಯ ದಪ್ಪದ ಅಂಚನ್ನು ಬೆರಳಿನಿಂದ ಒರೆಸಿದರು. ಬಾಗಿಲು ಮುಚ್ಚಿದರೆ ಚೌಕಟ್ಟಿನೊಳಗೆ ಅಡಗುವ ಅಂಚು ಅದು. ಅಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ, ಮೇಲಿನಿಂದ ಕೆಳಗೆ, ಅಂಕಿಗಳಿದ್ದವು: ಮೂರು, ಒಂಬತ್ತು, ಆಮೇಲೆ ಒಂದು ಕೀಲು, ಇಪ್ಪತ್ತೆರಡು, ಇಪ್ಪತ್ತೇಳು.

"ಮುಂದ ತೊಂಬತ್ತೊಂಬತ್ತು ಐತಿ. ಮ್ಯಾಲಿಂದು ಇಲ್ಲೈತಿ. ಎರಡೂ ಕೂಡಿಸಿ ನೋಡು. ಸುಳ್ಳು ಎಲ್ಲಿ ಬರದೀನಿ? ನಿಮ್ಮವ್ವಗ ಬೇಕಾಗಿ ಎರಡು ಕಡೆ ಬರದೀನಿ."

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಇಷ್ಟು ಸರಿಯಾಗಿ ಹೊಂದುವ ನೆನಪು ಕಂಡರೆ ನನಗೆ ಮೊದಲು ಬರುವುದು ಸಂಶಯ. ಆದರೆ ಆ ಅಂಚಿನ ಫೋಟೊ ನನ್ನ ಬಳಿ ಈಗಲೂ ಇದೆ, ಮೂಲೆಯಲ್ಲಿ ಚಾಚಾರ ಬೆರಳಿನ ಸಮೇತ.

ಮೂರನೇ ವರ್ಷದ ಅಂಕಿ ಹೊಸದಾಗಿ ಕೂರಿಸಿದ್ದ ಕೀಲಿನ ಅಡಿ ಇರಬೇಕಿತ್ತು. ಅಂಗಡಿಯಲ್ಲಿದ್ದ ತಮ್ಮ ಸ್ಕ್ರೂ ಬಿಚ್ಚಿದ. ಕೀಲು ಕೂರಲೆಂದು ಬಡಗಿ ಅಲ್ಲಿ ಉಳಿಯಿಂದ ಕೆತ್ತಿಬಿಟ್ಟಿದ್ದ. ಬಿಳಿ ಮರ ಅಷ್ಟೇ.

ಮರುದಿನ ಕೂಡ್ಲಿಗಿ. ತಾಲೂಕು ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಟೈಪು ಮಾಡುವವನು "ತೂಕವನ್ನು ತಪ್ಪಾಗಿ ಬರೆದಿರುತ್ತೇನೆ" ಎಂದು ಹೊಡೆದಿದ್ದ. ಚಾಚಾ ಓದಿಸಿಕೊಂಡು ಕೇಳಿ, "ತಪ್ಪಾಗಿ ತಗೀರಿ. ಎರಡು ಭಾಗ ಮಾಡಿ ಅಂತ ಹೊಡೀರಿ" ಅಂದರು. ಟೈಪಿನವನು ಗೊಣಗುತ್ತ ಹೊಸ ಹಾಳೆ ಹಾಕಿದ. ಮೂರನೇ ವರ್ಷ ಬಂದಾಗ ನಾನು ಮೆಲ್ಲಗೆ, "ಹದಿನೈದು ಅಂತ ಹಾಕಿಬಿಡ್ರಿ ಚಾಚಾ. ಒಂಬತ್ತಕ್ಕೂ ಇಪ್ಪತ್ತೆರಡಕ್ಕೂ ನಡುವ ಅಷ್ಟ ಇದ್ದಿರ್ತತಿ. ಐದು ವರ್ಷ ಕೇಳ್ಯಾರ, ನಾಕು ಕೊಟ್ರ ಮತ್ತ ವಾಪಸ್ ಬರ್ತತಿ" ಅಂದೆ.

"ಹದಿನೈದು ಇತ್ತೋ, ಹದಿನೇಳು ಇತ್ತೋ. ನನಗ ನೆಪ್ಪಿಲ್ಲ."

"ಯಾರಿಗೆ ಗೊತ್ತಾಕ್ಕೈತಿ?"

"ನೋಡು ತಮ್ಮಾ, ಇದ್ದದ್ದನ್ನ ಎರಡು ಕಡೆ ಬರ್ಯಾಕ ನನಗ ಬರ್ತತಿ. ಇಲ್ಲದ್ದನ್ನ ಒಂದು ಕಡೆನೂ ಬರ್ಯಾಕ ಬರಂಗಿಲ್ಲ."

ನನಗೆ ಸಿಟ್ಟು ಬಂತು. ನನ್ನ ಉಸಿರಿಗಿಂತ ಇವರ ಪೆನ್ಸಿಲ್ ದೊಡ್ಡದೇ ಅನ್ನಿಸಿತು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದೆವು. ಇಳಿಯುವಾಗ ಅವರೇ ನನ್ನ ಕೈಹಿಡಿದು ಮೆಟ್ಟಿಲು ಇಳಿಸಿದರು. ಮೂರನೇ ವರ್ಷದ ಎದುರು "ನೆನಪಿಲ್ಲ" ಎಂದೇ ಕಾಗದ ಹೋಯಿತು.

ಕಾಯುವ ದಿನಗಳಲ್ಲಿ ಆಸ್ಪತ್ರೆಯವರು ಹೇಳಿದ ತಯಾರಿ ನಡೆದೇ ಇತ್ತು. ಮೂರು ಗುಂಡುಗಳ ಒಂದು ಪ್ಲಾಸ್ಟಿಕ್ ಸಾಮಾನು ಕೊಟ್ಟಿದ್ದರು. ಕೊಳವೆಯಿಂದ ಉಸಿರೆಳೆದು ಗುಂಡುಗಳನ್ನು ಎತ್ತಬೇಕು. ಒಂದೇ ಏಳುತ್ತಿತ್ತು. ಅವ್ವ ಎದುರಿಗೆ ಕೂತು, "ಇನ್ನೊಂದು, ಇನ್ನೊಂದು" ಎಂದು, ಹಿಂದೆ ತುತ್ತು ಇಡುವಾಗ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳುವಳು. ಮಜ್ಜಿಗೆ, ತಿಳಿಸಾರು ಬಿಟ್ಟು ಬೇರೆ ಇಲ್ಲ. ಸಂಜೆ ಮಾರುಕಟ್ಟೆಯ ಕಡೆಯಿಂದ ಮೆಣಸಿನಕಾಯಿ ಬಜ್ಜಿಯ ವಾಸನೆ ಬರುತ್ತಿತ್ತು. ಆ ವಾಸನೆಗೆ ನಾನು ಹತ್ತು ವರ್ಷದವನಾಗಿ, ಅಪ್ಪನ ಗಾದಿಯ ಮೇಲೆ ಮಂಡಕ್ಕಿ ಹರವಿದ ಕಾಗದದ ಮುಂದೆ ಕೂತಿರುತ್ತಿದ್ದೆ. ಅವ್ವ ಒಂದು ದಿನ ಸಾರು ತಂದಿಟ್ಟು, "ನಾನು ಅವತ್ತು ಸುಮ್ನಿದ್ದಿದ್ರ ಚಲೋ ಆಕ್ಕಿತ್ತೇನಪ" ಅಂದಳು. ನಾನು ಕೊಳವೆ ಬಾಯಿಗಿಟ್ಟು ಒಂದು ಗುಂಡು ಎತ್ತಿ ತೋರಿಸಿದೆ.

ಮಂಜೂರಾತಿ ಬ್ಯಾಂಕಿನ ಫ್ಯಾಕ್ಸಿಗೆ ಬಂತು. ಮ್ಯಾನೇಜರ್ ಗ್ರಾಹಕರ ಮುಂದೆಯೇ ಜೋರಾಗಿ ಓದಿದರು. ನಾಲ್ಕು ವರ್ಷದ ದಾಖಲೆ ಒಪ್ಪಿಕೊಳ್ಳಲಾಗಿದೆ, ಮೂರನೇ ವರ್ಷದ್ದು ಲಭ್ಯವಿಲ್ಲವೆಂದು ಗಮನಿಸಲಾಗಿದೆ, ಎಂದಿತ್ತು. ಅದನ್ನು ಹಿಡಿದು ಗ್ಯಾರೇಜಿಗೆ ಹೋದೆ. ಚಾಚಾ ಕಾಗದ ಕೈಗೆ ತೆಗೆದುಕೊಳ್ಳಲಿಲ್ಲ. "ಚಹಾ ಕುಡೀತೀಯಾ?" ಎಂದವರು ತಾವೇ ನೆನಪಿಸಿಕೊಂಡು, "ಬ್ಯಾಡ ಬಿಡು, ನಿನಗ ಇಲ್ಲ" ಎಂದು ತಮಗೊಂದೇ ತರಿಸಿಕೊಂಡರು.

ಆಪರೇಷನ್ನಿನ ಹಿಂದಿನ ದಿನ ನರ್ಸ್ ಚಪ್ಪಲಿ ಬಿಟ್ಟು ತೂಕದ ಯಂತ್ರದ ಮೇಲೆ ನಿಲ್ಲಲು ಹೇಳಿದಳು. ಗಾಜಿನ ಹಲಗೆ, ಕೆಂಪು ಅಂಕಿಗಳು. ಕುಂಕುಮ ಇರಲಿಲ್ಲ. "ನೂರಾ ಇಪ್ಪತ್ತಾರು" ಅಂದಳು, ನನಗಷ್ಟೇ ಕೇಳುವಂತೆ. ನಾನು ಇಳಿಯದೆ ಅವಳ ಪೆನ್ನನ್ನೇ ನೋಡುತ್ತಿದ್ದೆ.

"ಏನ್ ಸರ್?"

"ಏನಿಲ್ಲ. ಬರ್ಕೊಳ್ರಿ."

ಅವಳು ಒಂದೇ ಕಡೆ ಬರೆದಳು.