ಕೊಬ್ಬರಿ ಗೋದಾಮಿನ ಇಲಿಗೆ ಒಂದು ಬಟ್ಟಲು ನೀರು

ಸ್ನೇಹಿತರೇ, ಇಲಿ ಕಾಟ ತಾಳಲಾರದೆ ಅರಸೀಕೆರೆಯ ನಮ್ಮ ಕೊಬ್ಬರಿ ಗೋದಾಮಿಗೆ ಇವತ್ತು ಕರೆಸಿದ್ದ ಪೆಸ್ಟ್ ಕಂಟ್ರೋಲ್‌ನವರು ನಮ್ಮ ಬೋನು ನೋಡಿ ನಕ್ಕೇಬಿಟ್ಟರು. ಅದರಲ್ಲಿ ಅಪ್ಪ ಕೊಬ್ಬರಿ ಚೂರು ಸಿಕ್ಕಿಸಿದ್ದರು.

"ಯಜಮಾನ್ರೇ, ಗೋದಾಮ್ ತುಂಬಾ ಕೊಬ್ರಿನೇ ಐತೆ, ಇಲಿ ಈ ಚೂರಿಗೆ ಯಾಕ್ ಬತ್ತದೆ? ಒಣಕೊಬ್ರಿ ತಿಂದು ಬಾಯಾರಿರ್ತದೆ. ನೀರಿಡಿ."

"ಇಲಿಗೆ ಉಪಚಾರ ಬೇರೆ ಮಾಡ್ಬೇಕೇನ್ರೀ?" ಅಪ್ಪ ಸಿಡುಕಿದರು.

ನನಗೋ ಆತಂಕ. ನಾಳೆ ಮಾಲು ನೋಡಲು ವ್ಯಾಪಾರಿ ಬರುತ್ತಾರೆ. ಒಂದು ಇಲಿ ಕಣ್ಣಿಗೆ ಬಿದ್ದರೂ ಇಡೀ ಲಾಟು ಬೇಡವೆನ್ನುತ್ತಾರೆ. ಅಪ್ಪನ ಕಣ್ಣು ತಪ್ಪಿಸಿ ಬೋನಿನೊಳಗೆ ಒಂದು ಬಟ್ಟಲು ನೀರಿಟ್ಟೆ. ಶಟರ್ ಎಳೆದು ಇಬ್ಬರೂ ಊಟಕ್ಕೆ ಹೋದೆವು.

ಬಂದು ನೋಡಿದರೆ ಬೋನಿನಲ್ಲಿ ಎರಡು ಇಲಿ! ಸದ್ಯ, ನಾನು ಬದುಕಿಕೊಂಡೆ.

ಅಪ್ಪ ಬಟ್ಟಲನ್ನೇ ನೋಡುತ್ತಾ ಹೇಳಿದರು: "ಬಂದೋರಿಗೆ ಮೊದ್ಲು ನೀರು ಕೊಡ್ಬೇಕು ಅಂತ ನಮ್ಮವ್ವ ಬಡ್ಕೊಂತಿದ್ಲು ಕಣೋ."