ಡ್ರಿಲ್ ಮೇಷ್ಟ್ರ ಹಳೇ ಗಾಡಿ

ನ್ಯಾಮತಿಯ ಹೈಸ್ಕೂಲಿನಲ್ಲಿ ತಿಮ್ಮೇಶ್ ಡ್ರಿಲ್ ಮೇಷ್ಟ್ರು. ಹುಟ್ಟೂರು ಜಗಳೂರಿನ ಕಡೆಯ ಒಂದು ಹಳ್ಳಿ. ಎತ್ತರದ, ತೆಳ್ಳಗಿನ ಆಳು. ಮೈದಾನದಲ್ಲಿ ಸೀಟಿ ಊದುವುದನ್ನು ಬಿಟ್ಟರೆ ಸದ್ದು ಮಾಡುವ ಸ್ವಭಾವ ಅವರದಲ್ಲ. ಕೊಕ್ಕೊ ಪಂದ್ಯಕ್ಕೆ ಅವರೇ ಅಂಪೈರ್ ಆಗಬೇಕೆಂದು ಚನ್ನಗಿರಿ, ಹೊನ್ನಾಳಿಯ ಶಾಲೆಗಳವರೂ ಕೇಳುತ್ತಿದ್ದರು. ಒಮ್ಮೆ ಔಟ್ ಎಂದರೆ ಔಟ್. ಯಾರು ಬಂದು ಏನು ಹೇಳಿದರೂ ಅವರು ಮಾತು ಬದಲಿಸುತ್ತಿರಲಿಲ್ಲ. ಅಂಥ ಮನುಷ್ಯ ಒಂದು ಮೋಟಾರ್ ಸೈಕಲ್ಲಿನ ವಿಷಯದಲ್ಲಿ ಸುಮಾರು ಒಂದು ವರ್ಷ ಅತ್ತ ಇತ್ತ ಹೊಯ್ದಾಡಿದರು.

ಗಾಡಿ ಕೊಂಡದ್ದು ನೌಕರಿ ಕಾಯಂ ಆದ ವರ್ಷ. ಮುನ್ನೂರೈವತ್ತು ಸಿಸಿಯ, ಕಪ್ಪು ಬಣ್ಣದ, ದೂರ ಪ್ರಯಾಣಕ್ಕೆಂದೇ ಮಾಡಿದ ಭಾರದ ಗಾಡಿ. ಕೊಂಡ ಎರಡನೇ ತಿಂಗಳಲ್ಲಿ ಹೊನ್ನಾಳಿಯ ಬ್ಯಾಂಕಿಗೆ ಹೋಗಿದ್ದರು. ಹೊರಗೆ ಬಂದು ಗಾಡಿಗೆ ಕೀಲಿ ಹಾಕಿದರೆ ತಿರುಗಲೊಲ್ಲದು. ಬಗ್ಗಿ, ಊದಿ, ಮತ್ತೆ ತಿರುಗಿಸಿ ನೋಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ಏನ್ರೀ ಸ್ವಾಮಿ, ಏನ್ ಮಾಡಾಕತ್ತೀರಿ?"

"ಸ್ಟಾರ್ಟ್ ಮಾಡಾಕೆ ನೋಡ್ತಿದೀನ್ರಿ. ಕೀ ಹಿಡೀವಲ್ದು."

"ಹೆಂಗೆ ಹಿಡೀತೈತೆ? ಅದು ನನ್ ಗಾಡಿ. ನಿಮ್ಮದು ಅಗೋ, ಬೇವಿನ ಗಿಡದ ಕೆಳಗೈತೆ."

ಹಾಗೆ ಪರಿಚಯವಾದವರು ಕೊಟ್ರೇಶ್. ಕೆರೆಬಿಳಚಿಯ ಅಡಿಕೆ ಬೆಳೆಗಾರರ ಮನೆಯ ಮಗ. ಹೊನ್ನಾಳಿಯಲ್ಲಿ ಮೆಡಿಕಲ್ ಶಾಪು ಇಟ್ಟಿದ್ದರು. ಅದೇ ಕಂಪನಿ, ಅದೇ ಬಣ್ಣ, ಒಂದೇ ತಿಂಗಳಲ್ಲಿ ಕೊಂಡ ಗಾಡಿಗಳು. ಆ ದಿನ ಇಬ್ಬರೂ ಹೋಟೆಲಿಗೆ ಹೋಗಿ ಚಹಾ ಕುಡಿದರು. ಆ ವರ್ಷದ ದಸರಾ ರಜೆಯಲ್ಲಿ ಧನುಷ್ಕೋಡಿಗೆ ಹೋಗಿಬಂದರು.

ಆಮೇಲೆ ಅದೊಂದು ಪದ್ಧತಿಯೇ ಆಯಿತು. ದಸರಾ ರಜೆ ಬಂತೆಂದರೆ ಕೊಟ್ರೇಶ್ ಅಂಗಡಿಯನ್ನು ಹೆಂಡತಿ ಸಂಧ್ಯಾರಾಣಿಗೆ ಒಪ್ಪಿಸುತ್ತಿದ್ದರು. ಆಕೆ ಫಾರ್ಮಸಿ ಓದಿದವರು, ಲೈಸೆನ್ಸ್ ಇದ್ದದ್ದೂ ಅವರ ಹೆಸರಿನಲ್ಲೇ. ಕಛ್, ಸ್ಪಿತಿ, ಪುರಿ, ಕನ್ಯಾಕುಮಾರಿ ಎಲ್ಲ ಆದವು. ಸಾಮಾನು ಹಂಚಿಕೊಳ್ಳುತ್ತಿದ್ದರು: ಕ್ಲಚ್ ಕೇಬಲ್, ಪ್ಲಗ್ಗು ಒಬ್ಬರ ಚೀಲದಲ್ಲಿ, ಟ್ಯೂಬು, ಪಂಪು ಇನ್ನೊಬ್ಬರದರಲ್ಲಿ. ಯಾರ ಗಾಡಿಗೆ ಏನಾದರೂ ಸರಿ, ಒಂದೇ ಸಾಮಾನು ಎರಡಕ್ಕೂ ಹೊಂದುತ್ತಿತ್ತು. ಊಟದಲ್ಲಿ ಮಾತ್ರ ಬೇರೆ ಬೇರೆ. ಕೊಟ್ರೇಶ್ ಶುದ್ಧ ಸಸ್ಯಾಹಾರಿ, ಢಾಬಾದಲ್ಲಿ ಪ್ರತ್ಯೇಕ ಮೇಜು ಹುಡುಕುತ್ತಿದ್ದರು. ತಿಮ್ಮೇಶ್ ಕೋಳಿ ಮುಗಿಸಿ, ಕೈ ತೊಳೆದು, ಅವರ ಎದುರಿಗೆ ಬಂದು ಕೂರುತ್ತಿದ್ದರು. ದಾರಿಯಲ್ಲಿ ಇಬ್ಬರದೂ ಒಂದೇ ವೇಗ, ಎಪ್ಪತ್ತು. ಅದಕ್ಕಿಂತ ಜಾಸ್ತಿಯಾದರೆ ಹ್ಯಾಂಡಲ್ ನಡುಗಿ ಅಂಗೈ ಜೋಮು ಹಿಡಿಯುತ್ತಿತ್ತು.

ವಯಸ್ಸು ಐವತ್ತರ ಹತ್ತಿರ ಬಂದಾಗ ಕೊಟ್ರೇಶರ ಸೊಂಟ ಹಿಡಿದುಕೊಂಡಿತು. ಗಾಡಿ ಬಿಡಿ, ಇಲ್ಲವೇ ಕುಲುಕಾಡದ ಗಾಡಿ ತಗೊಳ್ಳಿ ಎಂದರು ಡಾಕ್ಟರು. ಕೊಟ್ರೇಶ್ ಎರಡನೆಯ ಮಾತನ್ನು ಹಿಡಿದರು. ಹಳೆಯದನ್ನು ಮಾರಿ ಶಿವಮೊಗ್ಗದಿಂದ ಹೊಸ ಟೂರಿಂಗ್ ಗಾಡಿ ತಂದರು. ಎತ್ತರದ ಸೀಟು, ಟ್ಯೂಬಿಲ್ಲದ ಟೈರು, ಎರಡೂ ಗಾಲಿಗೆ ಡಿಸ್ಕ್ ಬ್ರೇಕು, ನೂರರ ಮೇಲೆ ಹೋದರೂ ಕೈಯಲ್ಲಿ ನಡುಕವಿಲ್ಲ. ಅದನ್ನು ತೋರಿಸಲು ನ್ಯಾಮತಿಯವರೆಗೂ ಬಂದರು. ತಿಮ್ಮೇಶ್ ಸುತ್ತ ಒಂದು ಸಲ ನಡೆದು ನೋಡಿ, ಚೆನ್ನಾಗೈತೆ ಎಂದರು.

ಆ ದಸರೆಯಲ್ಲಿ ಕೊಂಕಣದ ಕಡೆ ಹೊರಟರು. ಮೊದಲ ಗಂಟೆ ಕೊಟ್ರೇಶ್ ಎಪ್ಪತ್ತರಲ್ಲೇ ಬಂದರು. ಹಾವೇರಿಯ ಹೆದ್ದಾರಿ ಸಿಕ್ಕಿದ ಮೇಲೆ ಅವರಿಗೆ ತಿಳಿಯದೆಯೇ ಗಾಡಿ ಮುಂದೆ ಹೋಗಿಬಿಡುತ್ತಿತ್ತು. ಎಲ್ಲೋ ಮುಂದೆ ಮರದಡಿ ನಿಂತು ಕಾಯುತ್ತಿದ್ದರು. ತಿಮ್ಮೇಶ್ ತಲುಪುವ ಹೊತ್ತಿಗೆ ಅವರದು ಒಂದು ಚಹಾ ಆಗಿರುತ್ತಿತ್ತು. ಇವರ ಜೊತೆ ಇನ್ನೊಂದು ಕುಡಿಯುತ್ತಿದ್ದರು. ಬೆಳಗಾವಿ ಮುಟ್ಟುವಷ್ಟರಲ್ಲಿ ಅದೂ ನಿಂತಿತು. ಇವರು ಕುಡಿಯುವಾಗ ಅವರು ಫೋನು ನೋಡುತ್ತಾ ಕೂತಿರುತ್ತಿದ್ದರು.

ಅಂಬೋಲಿ ಘಾಟಿಯ ಇಳಿಜಾರಿನಲ್ಲಿ ತಿಮ್ಮೇಶರ ಕ್ಲಚ್ ಕೇಬಲ್ ತುಂಡಾಯಿತು. ಕೊಟ್ರೇಶ್ ಇದನ್ನು ಅರಿತು ಹಿಂದಕ್ಕೆ ಬರುವಷ್ಟರಲ್ಲಿ ಬಹಳ ಹೊತ್ತಾಗಿತ್ತು.

"ಕೇಬಲ್ ಕೊಡ್ರಿ ಕೊಟ್ರೇಶಣ್ಣ," ಎಂದರು ತಿಮ್ಮೇಶ್.

ಕೊಟ್ರೇಶ್ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದರು. "ಕೇಬಲ್ ತಂದಿಲ್ರಿ ಮೇಷ್ಟ್ರೇ. ನನ್ನದಕ್ಕೆ ಬೇಕಾಗಲ್ಲಲ್ಲ, ಹಳೇ ಗಾಡಿ ಜೊತೆಗೇ ಕೊಟ್ಟುಬಿಟ್ಟೆ. ನಿಮಗೆ ಹೇಳಾಕೆ ನೆನಪಾಗ್ಲಿಲ್ಲ."

"ಹೋಗ್ಲಿ ಬಿಡ್ರಿ. ನಾನಾದ್ರೂ ಕೇಳಬೇಕಿತ್ತು."

ಕೊಟ್ರೇಶ್ ಸಾವಂತವಾಡಿಗೆ ಇಳಿದು ಕೇಬಲ್ ಹುಡುಕಿ ತಂದರು. ಅಲ್ಲಿಯವರೆಗೆ ತಿಮ್ಮೇಶ್ ರಸ್ತೆಯ ಕಟ್ಟೆಯ ಮೇಲೆ ಕೂತಿದ್ದರು. ಜಗಳವೇನೂ ಆಗಲಿಲ್ಲ. ಮುಂದಿನ ದಿನಗಳಲ್ಲಿ ಕೊಟ್ರೇಶ್ ಪಟ್ಟು ಹಿಡಿದು ಹಿಂದೆಯೇ ಬಂದರು. ಅವರು ಬ್ರೇಕ್ ಹಿಡಿದು ಹಿಡಿದು ಬರುತ್ತಿರುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಮುಂದೆ ಕಾಯುತ್ತಿದ್ದಾಗಲೇ ವಾಸಿಯಿತ್ತು ಎನಿಸಿತು ತಿಮ್ಮೇಶರಿಗೆ. ಕಡಲ ದಂಡೆಯ ಮಾಲವಣಕ್ಕೆ ಹೋದವರು ಅಂದುಕೊಂಡದ್ದಕ್ಕಿಂತ ಮೊದಲೇ ಊರಿಗೆ ತಿರುಗಿದರು. ಶಾಲೆಯಲ್ಲಿ ಕೆಲಸ ಇದೆ ಎಂದರು ತಿಮ್ಮೇಶ್. ರಜೆ ಇನ್ನೂ ಮುಗಿದಿರಲಿಲ್ಲ.

ಅದೇ ವರ್ಷ ಗಾಡಿಯ ನೋಂದಣಿಗೆ ಹದಿನೈದು ವರ್ಷ ತುಂಬುತ್ತಿತ್ತು. ದಾವಣಗೆರೆಯ ಆರ್‌ಟಿಓ ಆಫೀಸಿಗೆ ಒಯ್ದು ತೋರಿಸಿ ಮುಂದುವರಿಸಬೇಕು, ಇಲ್ಲವೇ ಬಿಡಬೇಕು. ಹೇಗೂ ತೀರ್ಮಾನ ಮಾಡಲೇಬೇಕಿತ್ತು. ಚನ್ನಗಿರಿಯ ಮೆಕ್ಯಾನಿಕ್ ಗಾಡಿ ಬಿಚ್ಚಿ ನೋಡಿ, ಸವೆದ ಇಂಜಿನ್ನನ್ನು ಕೊರೆಸಿ ಬೋರ್ ಮಾಡಿಸಿದರೆ ಇನ್ನೂ ಓಡುತ್ತದೆ, ಬ್ರೇಕು ಮಾತ್ರ ಈ ಕಾಲಕ್ಕೆ ಸಾಲದು ಎಂದ. ಶಾಲೆಯಲ್ಲಿ ಗಣಿತದ ಮಾಲತೇಶ್ ಹೊಸ ಗಾಡಿಯ ಸೊಸೈಟಿ ಸಾಲಕ್ಕೆ ಜಾಮೀನು ಹಾಕಲು ತಾವಾಗಿಯೇ ಮುಂದೆ ಬಂದರು. ಕೊಟ್ರೇಶ್ ಫೋನು ಮಾಡಿದಾಗಲೆಲ್ಲ ಇದೇ ಮಾತು.

"ನೀವೂ ಇದನ್ನೇ ತಗೊಂಡ್ಬಿಡ್ರಿ ಮೇಷ್ಟ್ರೇ. ಮೊದಲಿನಂಗೆ ಹೋಗಾನ. ಬೇಕಾದ್ರೆ ಒಂದು ವಾರ ನನ್ ಗಾಡಿ ಇಟ್ಕೊಂಡು ನೋಡ್ರಿ. ನಿಮ್ದು ನನ್ ಹತ್ರ ಇರ್ಲಿ."

ಗಾಡಿಗಳು ಅದಲುಬದಲಾದವು. ತಿಮ್ಮೇಶ್ ಭಾನುವಾರ ಹೊಸ ಗಾಡಿಯಲ್ಲಿ ಹುಟ್ಟೂರಿಗೆ ಹೊರಟರು. ಅದು ನಿಜವಾಗಿಯೂ ಒಳ್ಳೆಯ ಗಾಡಿ. ಕೈಗೆ ನೋವಿಲ್ಲ, ಬೆನ್ನಿಗೆ ಏಟಿಲ್ಲ, ಲಾರಿ ಹಿಂದಿಕ್ಕಬೇಕಾದರೆ ಮೊದಲೇ ಲೆಕ್ಕ ಹಾಕುವ ಗೋಜಿಲ್ಲ. ದಾವಣಗೆರೆ ದಾಟುವಾಗಲೇ ಅವರು ಮನಸ್ಸಿನಲ್ಲಿ ಬಣ್ಣ ಆರಿಸುತ್ತಿದ್ದರು.

ಜಗಳೂರು ದಾಟಿ ಹಳ್ಳಿಯ ದಾರಿಗೆ ಇಳಿದಾಗ ಜಾಲಿ ಪೊದೆಯ ಮರೆಯಿಂದ ಮೇಕೆಗಳ ಹಿಂಡು ರಸ್ತೆಗೆ ನುಗ್ಗಿತು. ತಿಮ್ಮೇಶ್ ಬ್ರೇಕ್ ಹಿಡಿದರು. ಗಾಡಿ ಒಂದಿಷ್ಟೂ ಜಾರದೆ ಅಲ್ಲೇ ನಿಂತಿತು. ಮುಂದಿನ ಗಾಲಿಗೂ ಮೇಕೆಗೂ ನಡುವೆ ಒಂದು ಮೊಳ ಜಾಗವಿತ್ತು. ಹಳೆಯದರಲ್ಲಿ ಬಂದಿದ್ದರೆ ಎರಡು ಮೇಕೆಯಾದರೂ ಹೋಗುತ್ತಿದ್ದವು, ಪ್ರಾಯಶಃ ತಾನೂ ಬೀಳುತ್ತಿದ್ದೆ ಎಂದು ಅವರಿಗೆ ಖಾತ್ರಿಯಾಯಿತು.

ಕೋಲು ಹಿಡಿದು ಓಡಿಬಂದವಳು ಗಾದ್ರಮ್ಮ, ಊರಲ್ಲಿ ಅವರಿಗೆ ಅತ್ತೆಯಾಗಬೇಕು. ಹೆಲ್ಮೆಟ್ ತೆಗೆಯುವವರೆಗೆ ಬೈದಳು. ತೆಗೆದ ಮೇಲೂ ಬೈದಳು.

"ತಿಮ್ಮೇಶೀನೇನಲೇ! ಸಪ್ಪಳಿಲ್ದಂಗೆ ಕಳ್ಳ ಬಂದಂಗೆ ಬಂದ್ರೆ ಆಡು ಹೆಂಗಲೇ ಸರೀತಾವೆ? ನಿನ್ ಗಾಡಿ ಎಲ್ಲೈತೆ? ಅದಾದ್ರೆ ಕೆರೆ ಏರಿಮ್ಯಾಲೆ ಇದ್ದಂಗೇ ಗೊತ್ತಾಗ್ತಿತ್ತು, ಅವೇ ಪಕ್ಕಕ್ಕೆ ಹೋಗ್ತಿದ್ವು."

"ಇದು ಒಳ್ಳೇ ಗಾಡಿ ಕಣತ್ತೆ. ಬ್ರೇಕ್ ನೋಡ್ದೇನು?"

"ಬ್ರೇಕ್ ನೋಡಾಕೆ ನಾನು ಬಂದಿಲ್ಲಪ್ಪ, ಆಡು ಮೇಯ್ಸಾಕೆ ಬಂದಿದೀನಿ."

ವಾಪಸು ಬರುವಾಗ ಅವರು ನಿಧಾನವಾಗಿ ಬಂದರು. ಬ್ರೇಕಿನ ಮಾತು ದಿಟ, ಗಾದ್ರಮ್ಮನ ಮಾತೂ ದಿಟ. ಎರಡರಲ್ಲಿ ಯಾವುದಕ್ಕೆ ತೂಕ ಕೊಡುವುದೆಂದು ಗೊತ್ತಾಗಲಿಲ್ಲ. ಹೊನ್ನಾಳಿಗೆ ಬಂದು ಗಾಡಿ ಬಿಡಲು ಹೋದರೆ ಅಂಗಡಿಯಲ್ಲಿ ಸಂಧ್ಯಾರಾಣಿ ಒಬ್ಬರೇ ಇದ್ದರು.

"ಮನೇಲಿ ಮಲಗಿದಾರೆ, ಸೊಂಟ ಹಿಡ್ಕೊಂಡೈತೆ," ಎಂದರು ಆಕೆ. "ನಿಮ್ ಗಾಡೀಲಿ ಬಸವಾಪಟ್ಟಣದ ಗಂಟ ಹೋಗಿ ಬಂದ್ರು, ಅಷ್ಟೇ. ಹೋಗಬ್ಯಾಡ್ರಿ ಅಂದೆ. ಕೇಳಬೇಕಲ್ಲ?"

ತಿಮ್ಮೇಶ್ ಮನೆಗೆ ಹೋಗಿ ನೋಡಿದರು. ಕೊಟ್ರೇಶ್ ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿ ಚಾವಣಿ ನೋಡುತ್ತಿದ್ದರು. ಬಂದವರನ್ನು ಕಂಡು ನಕ್ಕರು.

"ನಾನಂತೂ ಇನ್ನು ಹಿಂದಕ್ಕೆ ಬರಾಕೆ ಆಗಲ್ಲ ಮೇಷ್ಟ್ರೇ. ನೀವು ಮುಂದಕ್ಕೆ ಬಂದ್ರೆ ಆಯ್ತು. ಹೆಂಗಿತ್ತು ನನ್ ಗಾಡಿ?"

"ಭಾಳ ಚೆನ್ನಾಗೈತೆ."

"ಮತ್ತೆ?"

"ನೋಡಾನ ತಡೀರಿ."

ಮನೆಯಲ್ಲಿ ಹೆಂಡತಿ ದುರ್ಗಾಂಬಿಕಾಗೆ ಎಲ್ಲವನ್ನೂ ಹೇಳಿದರು. ಆಕೆ ಅಂಗನವಾಡಿ ಕಾರ್ಯಕರ್ತೆ. ಮರುದಿನದ ಅಡುಗೆಗೆ ಕಾಳು ಆರಿಸುತ್ತಾ ಕೇಳಿಸಿಕೊಂಡರು.

"ಕೊಟ್ರೇಶಣ್ಣನ ಜೊತೆ ಹೋಗಾಕೆ ಗಾಡಿ ತಗೋತೀರೋ, ಗಾಡಿ ಬೇಕು ಅಂತ ತಗೋತೀರೋ?"

"ಅವರ ಜೊತೆ ಹೋಗಾಕೇ ಅನ್ಸುತ್ತೆ," ಎಂದರು ತಿಮ್ಮೇಶ್.

"ಅವರು ನಾಳೆ ಕಾರು ತಗೊಂಡ್ರೆ?"

ತಿಮ್ಮೇಶ್ ಮೊರದಿಂದ ಒಂದು ಕಲ್ಲು ಹೆಕ್ಕಿ ಹೊರಗೆಸೆದರು. ದುರ್ಗಾಂಬಿಕಾ ಕಾಳಿನ ಮೊರವನ್ನು ಪಕ್ಕಕ್ಕಿಟ್ಟರು. "ಇಷ್ಟು ವರ್ಷ ಹಿಂದಿನ ಸೀಟಿನಾಗೆ ಬ್ಯಾಗ್ ಕಟ್ಕೊಂಡು ಊರೂರು ಸುತ್ತಿದ್ರಿ. ನೀನೂ ಬರ್ತೀಯೇನು ಅಂತ ಒಂದು ಸಲ ಕೇಳಲಿಲ್ಲ. ನಾನೂ ಕೇಳಲಿಲ್ಲ ಬಿಡ್ರಿ, ಹುಡುಗ್ರು ಸಣ್ಣವ್ರಿದ್ರು. ಈಗೇನು? ಅವ್ರು ಹಾಸ್ಟೆಲ್ಲಿನಾಗೆ ಅದಾರೆ."

"ಎಲ್ಲಿಗೆ ಹೋಗಬೇಕು?"

"ಬಿಜಾಪುರಕ್ಕೆ. ಏಳನೇ ಕ್ಲಾಸಿನಾಗೆ ಎಲ್ಲಾರೂ ಗೋಳಗುಮ್ಮಟ ನೋಡಾಕೆ ಟೂರ್ ಹೋದ್ರು. ನನಗೆ ಜ್ವರ ಅಂತ ನಮ್ಮವ್ವ ಕಳಿಸಲಿಲ್ಲ. ಮೈ ಮುಟ್ಟಿ ನೋಡಿದ್ರೆ ತಣ್ಣಗಿತ್ತು, ಕಟ್ಟಾಕೆ ದುಡ್ಡಿರಲಿಲ್ಲ ಅಷ್ಟೇ."

ಮುಂದಿನ ಸಲ ಹೊನ್ನಾಳಿಗೆ ಇಬ್ಬರೂ ಹೋದಾಗ ಕೊಟ್ರೇಶರ ಗಾಡಿಯ ಮೇಲೆ ಆಕೆಯನ್ನೂ ಒಮ್ಮೆ ಕೂರಿಸಿ ನೋಡಿದರು. ಹಿಂದಿನ ಸೀಟು ಎತ್ತರ. ಸೀರೆಯಲ್ಲಿ ಹತ್ತಲು ಕಟ್ಟೆ ಬೇಕು, ಇಳಿಯಲು ಇನ್ನೊಬ್ಬರ ಹೆಗಲು ಬೇಕು. "ಇದು ಮಂಚದ ಮೇಲೆ ಮಂಚ ಇಟ್ಟಂಗೈತೆ," ಎಂದು ದುರ್ಗಾಂಬಿಕಾ ಇಳಿದುಬಿಟ್ಟರು.

ತಿಮ್ಮೇಶ್ ತಮ್ಮ ಹಳೇ ಗಾಡಿಯನ್ನೇ ಇಟ್ಟುಕೊಂಡು ಇಂಜಿನ್ ಬೋರ್ ಮಾಡಿಸಿದರು. ಮುಂದಿನ ಗಾಲಿಯ ಹಳೇ ಡ್ರಮ್ ಬ್ರೇಕು ತೆಗೆಸಿ ಡಿಸ್ಕ್ ಹಾಕಿಸಿದರು; ಮೇಕೆಗಳನ್ನು ಅವರು ಮರೆತಿರಲಿಲ್ಲ. ಹಿಂದಿನ ಸೀಟಿಗೆ ದಪ್ಪ ಫೋಮು ಹೊಲಿಸಿದರು. ನೋಂದಣಿ ಇನ್ನೂ ಐದು ವರ್ಷಕ್ಕೆ ಮುಂದುವರಿಯಿತು. ಸುದ್ದಿ ಕೇಳಿ ಕೊಟ್ರೇಶ್ ಫೋನು ಮಾಡಿದರು.

"ಹಂಗಾದ್ರೆ ನಾನೊಬ್ಬನೇ ಹೋಗಬೇಕೇನ್ರಿ?"

"ಒಬ್ರೇ ಯಾಕೆ? ದಸರಾ ರಜೆಗೆ ನಾನೂ ನಮ್ಮನೆಯವ್ರೂ ಬಿಜಾಪುರಕ್ಕೆ ಹೊಂಟೀವಿ, ಮುಂಜಾನೆ ಬೇಗ ಬಿಡ್ತೀವಿ. ನೀವು ಊಟ ಮಾಡ್ಕೊಂಡು ಆರಾಮಾಗಿ ಬಿಡ್ರಿ. ಸಂಜೆಗೆ ಇಳಕಲ್ಲಿನಾಗೆ ಸೇರಾನ. ದಾರ್ಯಾಗೆ ಮಾತ್ರ ನಮಗೆ ಕಾಯಬ್ಯಾಡ್ರಿ."

ಹಾಗೇ ಆಯಿತು. ಹರಿಹರ, ಹರಪನಹಳ್ಳಿ, ಹೊಸಪೇಟೆಯ ದಾರಿ. ದುರ್ಗಾಂಬಿಕಾಗೆ ಬಹಳ ಹೊತ್ತು ಕೂರಲಾಗುತ್ತಿರಲಿಲ್ಲ. ಮರ ಕಂಡಲ್ಲಿ ಇಳಿಯುತ್ತಿದ್ದರು, ಸೊಂಟ ನೀವಿಕೊಳ್ಳುತ್ತಿದ್ದರು, ದಾರಿಯಲ್ಲಿ ಮಾರುತ್ತಿದ್ದ ಸೀತಾಫಲವನ್ನು ಚೌಕಾಸಿ ಮಾಡಿ ಕೊಳ್ಳುತ್ತಿದ್ದರು. ಹೀಗೆ ಇಳಿದಿಳಿದು ಹೋಗುವುದು ತಿಮ್ಮೇಶರಿಗೆ ಮೊದಮೊದಲು ಕಿರಿಕಿರಿಯಾಯಿತು. ಚಹಾದ ಅಂಗಡಿಯಲ್ಲಿ ಎದುರಿಗೆ ಕೊಟ್ರೇಶ್ ಇಲ್ಲದ್ದು ಒಂದು ಥರಾ ಅನಿಸಿತು. ಹೊಸಪೇಟೆ ದಾಟಿದ ಮೇಲೆ ಎರಡೂ ಅಭ್ಯಾಸವಾದವು.

ಕುಷ್ಟಗಿಯ ಹತ್ತಿರ ಹಿಂದಿನಿಂದ ಹಾರ್ನ್ ಕೇಳಿಸಿತು. ಹೊಸ ಗಾಡಿ ಪಕ್ಕಕ್ಕೆ ಬಂತು. ಕೊಟ್ರೇಶ್ ಎಡಗೈ ಎತ್ತಿದರು, ಮುಂದೆ ಹೋದರು. ಸ್ವಲ್ಪ ಹೊತ್ತಿಗೆಲ್ಲ ಕಾಣದಾದರು.

"ಕೊಟ್ರೇಶಣ್ಣ ಅಲ್ವಾ? ನಿಲ್ಲಿಸ್ಲೇ ಇಲ್ಲ!" ಎಂದರು ದುರ್ಗಾಂಬಿಕಾ.

"ನಿಲ್ಲಿಸಬ್ಯಾಡ್ರಿ ಅಂತ ನಾನೇ ಹೇಳಿದ್ದೆ."

"ಅಂದ್ರೂ ನಿಲ್ಲಿಸಬೇಕಿತ್ತು."

ತಿಮ್ಮೇಶರಿಗೂ ಹಾಗೆಯೇ ಅನಿಸಿತ್ತು.

ಇಳಕಲ್ಲಿನ ಲಾಡ್ಜಿನ ಮುಂದೆ ಕೊಟ್ರೇಶ್ ಸ್ನಾನ ಮಾಡಿ, ಅಂಗಿ ಬದಲಿಸಿ, ಕುರ್ಚಿ ಹಾಕಿಕೊಂಡು ಕೂತಿದ್ದರು. ಇವರಿಗೂ ರೂಮು ಹಿಡಿದಿಟ್ಟಿದ್ದರು. ದುರ್ಗಾಂಬಿಕಾ ಇಳಿದು ನೆಟ್ಟಗಾಗುವಷ್ಟರಲ್ಲಿ ಕೊಟ್ರೇಶ್ ಚೀಲ ಬಿಚ್ಚಿ ಒಳಗೆ ಒಯ್ದರು. ಊಟಕ್ಕೆ ಖಾನಾವಳಿಗೆ ಹೋದಾಗ ಆಕೆ ಸಸ್ಯಾಹಾರವನ್ನೇ ಹೇಳಿದ್ದರಿಂದ ತಿಮ್ಮೇಶರೂ ಅದನ್ನೇ ಹೇಳಿದರು. ಮೂವರೂ ಒಂದೇ ಮೇಜಿಗೆ ಕೂತು ಜೋಳದ ರೊಟ್ಟಿ ಉಂಡರು.

ಮರುದಿನ ಬಿಜಾಪುರದಲ್ಲಿ ಗೋಳಗುಮ್ಮಟದ ಮೆಟ್ಟಿಲು ಹತ್ತಲು ಕೊಟ್ರೇಶರ ಸೊಂಟ ಒಪ್ಪಲಿಲ್ಲ, ಅವರು ಕೆಳಗಿನ ಹುಲ್ಲಿನ ಮೇಲೆ ಕೂತರು. ದುರ್ಗಾಂಬಿಕಾ ನಿಂತು ನಿಂತು ಮೇಲಿನವರೆಗೂ ಹತ್ತಿದರು. ಒಳಗೆ, ಗೋಡೆಗೆ ಪಿಸುಗುಟ್ಟಿದ್ದು ಎದುರು ಬದಿಗೂ ಕೇಳಿಸುವ ಮೊಗಸಾಲೆಯಲ್ಲಿ, ಶಾಲೆಯ ಮಕ್ಕಳು ಕೂಗಿ ಕೂಗಿ ದನಿ ಪರೀಕ್ಷೆ ಮಾಡುತ್ತಿದ್ದರು. ಆಕೆ ಅವರ ಗದ್ದಲ ಮುಗಿಯುವವರೆಗೆ ಗೋಡೆಗೆ ಒರಗಿ ಕಾದರು. ಆಮೇಲೆ ಎದುರು ಬದಿಗೆ ಹೋಗಿ ನಿಲ್ಲುವಂತೆ ಗಂಡನಿಗೆ ಕೈಸನ್ನೆ ಮಾಡಿದರು. ತಿಮ್ಮೇಶ್ ಸುತ್ತಿಕೊಂಡು ಹೋಗಿ, ಕಲ್ಲಿಗೆ ಕಿವಿ ಕೊಟ್ಟು ನಿಂತರು.