ಎಡಕ್ಕೆ ಅಡ್ಡ ಹೆಜ್ಜೆ

ಸವಾರಿ ಶಾಲೆಯಲ್ಲಿ ಅವನನ್ನು ಎದುರಿಗೆ ಮೇಷ್ಟ್ರು ಎನ್ನುತ್ತಿದ್ದರು, ಬೆನ್ನ ಹಿಂದೆ ಚಾವಟಿ ಎನ್ನುತ್ತಿದ್ದರು. ಎರಡೂ ಅವನ ಕಿವಿಗೆ ಬಿದ್ದಿದ್ದವು. ಎರಡನೆಯದೇ ಅವನಿಗೆ ಹೆಚ್ಚು ಇಷ್ಟ. ಮೂವತ್ತು ವರ್ಷ ಕುದುರೆ ಪಳಗಿಸಿದವನ ಮೈಯಲ್ಲಿ ಮುರಿಯದೆ ಉಳಿದ ಮೂಳೆಯನ್ನು ಹುಡುಕಬೇಕಿತ್ತು. ಭುಜದ ಮೂಳೆಯನ್ನು ಮಾತ್ರ ಯಾವ ಕುದುರೆಯೂ ಮುರಿದದ್ದಲ್ಲ, ಅವನಿಗೆ ಕಲಿಸಿದ ಗುರು ಲಾಯದ ಅಗುಳಿಯಲ್ಲಿ ಬಾರಿಸಿ ಮುರಿದದ್ದು. "ಏಟು ತಿಂದಿದ್ದಕ್ಕೇ ನಾನು ಮನುಷ್ಯ ಆಗಿದ್ದು," ಎಂದು ಅಂಗಿ ಸರಿಸಿ ತೋರಿಸುತ್ತಿದ್ದ. ಆಗಿದ್ದಾನೋ ಇಲ್ಲವೋ ಎಂದು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ಅವನ ಹೆಂಡತಿ ಒಂದು ಬೆಳಿಗ್ಗೆ ಊದಿದ ಕೆನ್ನೆ ಹೊತ್ತು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಮಗಳು ಮಾತ್ರ ಉಳಿದಳು. ಅಪ್ಪನಿಗಾಗಿ ಅಲ್ಲ, ಕುದುರೆಗಳಿಗಾಗಿ. ಅದು ಅವನಿಗೂ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇದ್ದ.

ಈಗಿನ ತಲೆನೋವು ಬೂದಿ ಎಂಬ ಹೆಣ್ಣುಕುದುರೆ. ನಡಿಗೆಯಿಂದ ಕುಕ್ಕುಲೋಟಕ್ಕೆ, ಓಟದಿಂದ ನಡಿಗೆಗೆ, ಅಲ್ಲಿಂದ ನಿಲುಗಡೆಗೆ ಹೇಗೋ ಬರುತ್ತಿತ್ತು. ಅಡ್ಡ ಹೆಜ್ಜೆಯಲ್ಲಿ ಮಾತ್ರ ಕೈಕೊಡುತ್ತಿತ್ತು. ಸವಾರನ ಎಡಗಾಲು ಪಕ್ಕೆಯನ್ನು ಒತ್ತಿದರೆ ಬಲಕ್ಕೆ ಸರಿಯುತ್ತಿತ್ತು. ಬಲಗಾಲು ಒತ್ತಿದರೆ ಎಡಕ್ಕೆ ಸರಿಯಬೇಕಾದದ್ದು ಕಲ್ಲುಕಂಬದ ಹಾಗೆ ನಿಂತುಬಿಡುತ್ತಿತ್ತು, ಇಲ್ಲವೇ ಒದೆಯುತ್ತಿತ್ತು. ಮೂರು ತಿಂಗಳಲ್ಲಿ ಮೇಷ್ಟ್ರು ಅದರ ಬಲಪಕ್ಕೆಯ ಮೇಲೆ ಎರಡು ಚಾವಟಿ ಮುರಿದಿದ್ದ. ಅದು ಅವನ ಎರಡು ಹಲ್ಲು ಉದುರಿಸಿತ್ತು.

ಶಾಲೆಯ ಯಜಮಾನರಿಗೆ ತಾಳ್ಮೆ ಮುಗಿದಿತ್ತು. "ಮೇಷ್ಟ್ರೇ, ನಾಳೆ ನಾನೇ ಬಂದು ನೋಡ್ತೀನಿ. ಎಡಕ್ಕೆ ಹೋಗ್ಲಿಲ್ಲ ಅಂದ್ರೆ ಕಸಾಯಿಯವನ ಲಾರಿ ಹತ್ತಿಸ್ತೀನಿ."

ಅಂದು ಮಧ್ಯಾಹ್ನ ಮಗಳು ಜೀನು ಬಿಗಿಯುತ್ತ ಹೇಳಿದಳು, "ಅಪ್ಪ, ಇವತ್ತೊಂದಿನ ನೀನು ಹೊರಗಿರು. ನಾನೊಬ್ಳೇ ನೋಡ್ಕೋತೀನಿ."

"ನಂಗೇ ಪಾಠ ಹೇಳ್ತೀಯಾ? ಹತ್ತು ಸುಮ್ನೆ."

ಅವಳು ಹತ್ತಿದಳು. ಅವನು ಅಂಕಣದ ನಡುವೆ ನಿಂತ. ಕಲ್ಲುಗೋಡೆ ಅವಳ ಎಡಕ್ಕೆ ನಾಲ್ಕೈದು ಅಡಿ ದೂರದಲ್ಲಿತ್ತು, ಅಪ್ಪ ಬಲಕ್ಕೆ. ಮೊದಲು ಓಟ, ನಡಿಗೆ, ನಿಲುಗಡೆ. ಮೂರನೇ ಸುತ್ತಿನಲ್ಲಿ ಬೂದಿ ಎರಡು ಹೆಜ್ಜೆ ತಡವಾಗಿ ನಿಂತಿತು. ಅಷ್ಟಕ್ಕೇ ಅವನ ಪಿತ್ತ ನೆತ್ತಿಗೇರಿತು. ಬೈಯುತ್ತ ಚಾವಟಿ ಎತ್ತಿ ನುಗ್ಗಿದ.

ಬೂದಿ ಸರ್ರನೆ ಗೋಡೆಯತ್ತ ಸರಿಯಿತು. ಹಸಿ ಕಟ್ಟಿಗೆ ಮುರಿದಂಥ ಸದ್ದು, ಅದರ ಹಿಂದೆಯೇ ಮಗಳ ಚೀತ್ಕಾರ. ಅವಳ ಎಡ ಮೊಣಕಾಲು ಕಲ್ಲಿಗೂ ಕುದುರೆಗೂ ನಡುವೆ ಜಜ್ಜಿಹೋಗಿತ್ತು. ಅವಳು ಜಾರಿ ಮರಳಿಗೆ ಬಿದ್ದಳು, ಬಟ್ಟೆ ಹರಿದು ಮೂಳೆ ಹೊರಗೆ ಇಣುಕಿತು. ಮೇಷ್ಟ್ರು ಗೇಟಿನ ಕಬ್ಬಿಣದ ಸಲಾಕೆ ಕಿತ್ತುಕೊಂಡು ಕುದುರೆಯ ಹಣೆಗೆ ಬೀಸಿದ. ಗುರಿ ತಪ್ಪಿ ಕಿವಿ ಹರಿಯಿತು. ರಕ್ತ ಅವನ ಮುಖಕ್ಕೇ ಎರಚಿತು. ಮತ್ತೆ ಎತ್ತಿದ.

"ಅಪ್ಪ, ಬೇಡ. ಅದ್ರ ತಪ್ಪಲ್ಲ," ಮಗಳು ಹಲ್ಲು ಕಚ್ಚಿ ಹೇಳಿದಳು. "ನೀನು ಕೈ ಎತ್ತಿದ್ದು ನೋಡಿ ನಾನೇ ಬೆಚ್ಚಿದೆ. ಬಲಗಾಲು ಒತ್ತಿಹೋಯ್ತು. ಅದು ನೀನು ಕಲಿಸಿದ್ದನ್ನೇ ಮಾಡ್ತು."

ಸಲಾಕೆ ಮೇಲೆಯೇ ನಿಂತಿತು. ಅವನು ಮರಳಿನತ್ತ ನೋಡಿದ. ಎರಡು ಅಡ್ಡ ಹೆಜ್ಜೆ. ಬಲಗಾಲು ಎಡಗಾಲಿನ ಮುಂದೆ ದಾಟಿ, ಮತ್ತೆ ದಾಟಿ, ಗೊರಸಿನ ಗುರುತುಗಳು ಅಚ್ಚುಕಟ್ಟಾಗಿ ಗೋಡೆಯವರೆಗೆ ಹೋಗಿದ್ದವು. ಮೂವತ್ತು ವರ್ಷದಲ್ಲಿ ಅಷ್ಟು ಚೊಕ್ಕ ಹೆಜ್ಜೆಯನ್ನು ಅವನು ಯಾವ ಕುದುರೆಯಿಂದಲೂ ಹಾಕಿಸಿರಲಿಲ್ಲ.

ಸಲಾಕೆ ಕೈಯಿಂದ ಬಿತ್ತು. ಬೂದಿ ಗೋಡೆಗೆ ಅಂಟಿ ನಡುಗುತ್ತಿತ್ತು. ಅವನು ಮಗಳ ಪಕ್ಕ ಮಂಡಿಯೂರಿದ. ಅವಳ ಹಣೆಗೆ ಮೆತ್ತಿದ ಮರಳು ಒರೆಸಲು ಕೈ ಎತ್ತಿದ.

ಅವಳು ಕಣ್ಣು ಮುಚ್ಚಿ ಮೊಣಕೈ ಅಡ್ಡ ಹಿಡಿದಳು.